ಕುರಿಗಳು ಎದ್ದು ನಿಂತ ಮುಕ್ಕಾಲು ಗಂಟೆ

ಶಕುನ, ಗಾಳಿ, ದೆವ್ವ ಎಂದವರಿಗೆ ಮುಖಕ್ಕೆ ಹೊಡೆದಂತೆ ಉತ್ತರ ಕೊಡುತ್ತಿದ್ದವನು ನಾನು. ಗೋಕಾಕದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನಿಗೆ ಅದೇ ಶೋಭೆ ಎಂದು ತಿಳಿದಿದ್ದೆ. ಈಗ ಹಾಗೆ ಮಾತಾಡುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ.

ಕೆಲವು ವರ್ಷಗಳ ಹಿಂದಿನ ಬೇಸಿಗೆ. ಆಕಾಶಗಂಗೆಯ ನಡುಭಾಗದ ಒಂದು ನಕ್ಷತ್ರ ದಿನದಿಂದ ದಿನಕ್ಕೆ ಬೆಳಗುತ್ತಿತ್ತು. ಅದರ ಮುಂದೆ ಕಣ್ಣಿಗೆ ಕಾಣದ ಯಾವುದೋ ಕಾಯ ಹಾಯುತ್ತಿತ್ತು. ಅದರ ಗುರುತ್ವ ಹಿಂದಿನ ಬೆಳಕನ್ನು ಬಾಗಿಸಿ ನಮ್ಮತ್ತ ಕೂಡಿಸುತ್ತದೆ. ಆ ಕಾಯಕ್ಕೊಂದು ಗ್ರಹವಿದ್ದರೆ ಬೆಳಕು ಸ್ವಲ್ಪ ಹೊತ್ತು ಇನ್ನಷ್ಟು ಜಿಗಿಯುತ್ತದೆ. ತಪ್ಪಿದರೆ ಮುಗಿಯಿತು, ಆ ಜೋಡಿ ಮತ್ತೆ ಒಂದೇ ಸಾಲಿಗೆ ಬರುವುದಿಲ್ಲ. ನಾವು ನಾಲ್ಕೈದು ಹವ್ಯಾಸಿಗಳು ಬೇರೆ ಬೇರೆ ಊರುಗಳಿಂದ ಅದನ್ನು ಕಾಯುತ್ತಿದ್ದೆವು. ಅಂದು ಉಳಿದವರಿಗೆಲ್ಲ ಮೋಡ. ಭಾರವೆಲ್ಲ ನನ್ನೊಬ್ಬನ ಮೇಲೆ.

ಮೇಲವಂಕಿಯ ಗೆಳೆಯನ ಖಾಲಿ ಹೊಲದಲ್ಲಿ ದುರ್ಬೀನು ಹೂಡಿದ್ದೆ. ಗೊಬ್ಬರಕ್ಕೆಂದು ಅಲ್ಲೇ ಕುರಿಹಿಂಡನ್ನು ರಾತ್ರಿ ತರುಬಿ ಮಲಗಿಸಿದ್ದರು. ಕಾವಲಿಗೆ ಕುರಿಗಾರ ಯಲ್ಲಪ್ಪಕಾಕಾ ತಮ್ಮ ನಾಯಿಯೊಂದಿಗೆ ಇದ್ದರು. ರಾತ್ರಿ ಎರಡು ಗಂಟೆಯಾದರೂ ಜಿಗಿತದ ಸುಳಿವಿಲ್ಲ. ಮುಂಜಾನೆ ಪರೀಕ್ಷೆಯ ಕೆಲಸ ಬೇರೆ. ಸಾಕೆಂದು ದುರ್ಬೀನಿನ ಮುಚ್ಚಳ ಕೈಗೆತ್ತಿಕೊಂಡೆ.

ಆಗ ಮಲಗಿದ್ದ ಹಿಂಡಿಗೆ ಹಿಂಡೇ ಎದ್ದು ನಿಂತಿತು. ಬೆದರಲಿಲ್ಲ, ಅರಚಲಿಲ್ಲ. ಎಲ್ಲವೂ ದಕ್ಷಿಣಕ್ಕೆ, ನನ್ನ ದುರ್ಬೀನು ತಿರುಗಿದ್ದ ಕಡೆಗೇ ಮುಖ ಮಾಡಿದ್ದವು. ಕಾಕಾರ ಕಡೆ ತಿರುಗಿದೆ.

"ತ್ವಾಳ ಬಂತೇನ್ರಿ ಕಾಕಾ?"

"ತ್ವಾಳ ಬಂದ್ರ ನಾಯಿ ಸುಮ್ಮನಿರ್ತಿತ್ತೇನ್ರಿ ಸರ? ಯಾರೋ ದಾಟಾಕತ್ತಾರ. ಕುರಿ ಮಲಗೂತನಕ ಜಾಗಾ ಬಿಡಬಾರ್ದು, ಹಿಡದ ಕೆಲಸಾನೂ ಬಿಡಬಾರ್ದು. ನಮ್ಮ ಹಿರ್ಯಾರ ಪದ್ಧತಿ ಐತ್ರಿ."

ನನಗೆ ಸಿಟ್ಟು ಬಂತು. ಆದರೆ ಅವರು ಕೋಲು ಹಿಡಿದು ದಾರಿಗೆ ಅಡ್ಡ ನಿಂತರು. ಮುಚ್ಚಳ ಕೆಳಗಿಟ್ಟು ಚಿತ್ರ ತೆಗೆಯುತ್ತ ಹೋದೆ. ಖರೆ ಹೇಳಬೇಕೆಂದರೆ, ಹಿಂದೆ ತಿರುಗಿ ಆ ಕುರಿಗಳನ್ನು ನೋಡಲು ಧೈರ್ಯವಾಗಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಅವು ಒಂದೊಂದಾಗಿ ಮಲಗುವ ಸದ್ದು ಕೇಳಿಸಿತು.

"ಹೋತ್ರಿ," ಎಂದು ಕಾಕಾ ಕಂಬಳಿ ಹೊದ್ದುಕೊಂಡರು.

ಮರುದಿನ ಲೆಕ್ಕ ಹಾಕಿದರೆ, ನಕ್ಷತ್ರದ ಬೆಳಕಿನ ಏರಿಳಿತದ ಗೆರೆ ಆ ಮುಕ್ಕಾಲು ಗಂಟೆಯಲ್ಲೇ ಉಬ್ಬಿ ಇಳಿದಿತ್ತು. ನಾವು ಕಾಯುತ್ತಿದ್ದ ಜಿಗಿತ ಅದೇ. ಕುರಿಗಳ ಕಾಲಿಗೆ ನೆಲ ಅದುರಿ ಅಳತೆ ತಪ್ಪಿರಬೇಕೆಂದು ಅದೇ ಚಿತ್ರಗಳಲ್ಲಿದ್ದ ಪಕ್ಕದ ನಕ್ಷತ್ರಗಳನ್ನೂ ಅಳೆದೆ. ಅವುಗಳಲ್ಲಿ ಏನೂ ಬದಲಾಗಿರಲಿಲ್ಲ. ನಮ್ಮ ನಕ್ಷತ್ರವೋ ಬರಿಗಣ್ಣಿಗೆ ಕಾಣುವಂಥದ್ದೇ ಅಲ್ಲ. ಅದರ ಬೆಳಕು ಅಲ್ಲಿಂದ ಹೊರಟಾಗ ಮನುಷ್ಯ ಇನ್ನೂ ಕುರಿ ಸಾಕುವುದನ್ನೇ ಕಲಿತಿರಲಿಲ್ಲ.

ಮನೆಗೆ ಹೋಗುವುದು ಬಿಟ್ಟು ಯಾಕೆ ನಿಂತಿರಿ ಎಂದು ಜೊತೆಯ ಹವ್ಯಾಸಿಗಳು ಕೇಳಿದರು. ಯಾಕೋ ಅನುಮಾನ ಬಂತು, ಮುಂದುವರಿಸಿದೆ ಎಂದು ವರದಿಯಲ್ಲಿ ಬರೆದೆ. ಅನುಮಾನ ಬಂದದ್ದು ನನಗಲ್ಲ ಎಂದು ಬರೆಯಲು ಇವತ್ತಿಗೂ ಕೈ ಬಂದಿಲ್ಲ.