ಅಕ್ಕ ಗುರುತಿಟ್ಟುಕೊಂಡ ಫ್ಯಾನು

ತಿರುಗುವ ಯಾವುದೇ ವಸ್ತುವಿನ ಕೆಳಗೆ ಒಬ್ಬ ಮನುಷ್ಯ ಕೂತು ದುಡಿಯುತ್ತಿರುತ್ತಾನೆ ಎಂಬುದು ನಮ್ಮಕ್ಕನ ಗಟ್ಟಿ ನಂಬಿಕೆ. ಅದರಲ್ಲಿ ಅವಳ ತಪ್ಪೇನೂ ಇಲ್ಲ. ಗಜೇಂದ್ರಗಡದ ನಮ್ಮ ಮನೆಯ ಕುಣಿಮಗ್ಗದಲ್ಲಿ ಅವಳು ಚಿಕ್ಕಂದಿನಿಂದ ಸೀರೆ ನೇಯುತ್ತ ಬಂದವಳು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಹಲಗೆ ತುಳಿದರೆ ಮಗ್ಗ ನಡೆಯುತ್ತದೆ, ಕಾಲು ನಿಂತರೆ ಮಗ್ಗವೂ ನಿಲ್ಲುತ್ತದೆ. ಹೀಗಿರುವಾಗ ನಾನು ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿ ಊರ ಗುಡ್ಡದ ಮೇಲಿನ ಗಾಳಿ ಕರೆಂಟಿನ ಕಂಪನಿಗೆ ಇಂಟರ್ನ್‌ಶಿಪ್‌ಗೆ ಸೇರಿದೆ. ನಮ್ಮ ಮಾಳಿಗೆಯ ಮೇಲಿಂದ ಗುಡ್ಡದ ಫ್ಯಾನುಗಳು ಕಾಣುತ್ತವೆ. ನಿನ್ನ ಆಫೀಸಿನ ಮಗ್ಗುಲದ್ದು ಯಾವುದೆಂದು ಕೇಳಿ, ತುದಿಯ ಫ್ಯಾನನ್ನು ಗುರುತಿಟ್ಟುಕೊಂಡ ಅಕ್ಕ, ಅದನ್ನು ತಿರುಗಿಸುವವನು ನಾನೇ ಎಂದು ತೀರ್ಮಾನ ಮಾಡಿಬಿಟ್ಟಳು.

ಫ್ಯಾನು ನಿಂತರೆ ಸಾಕು, ನನ್ನ ಫೋನು ಬಡಿದುಕೊಳ್ಳುತ್ತಿತ್ತು. "ಯಾಕೋ ತಮ್ಮಾ, ತಿರಗವಲ್ದಲ್ಲ? ಆರಾಮ ಇಲ್ಲೇನು?"

"ಗಾಳಿ ಬಿದ್ದೈತಿ ಅಕ್ಕಾ. ಅದನ್ನ ಗಾಳಿ ತಿರಗಸ್ತೈತಿ, ನಾನಲ್ಲ."

"ಗಾಳಿ ನಮ್ಮ ಮಾಳಗಿ ಮ್ಯಾಲೂ ಬೀಸತೈತಿ. ನಮ್ಮ ಮನ್ಯಾಗ ಯಾಕ ಕರೆಂಟ್ ಹುಟ್ಟವಲ್ದು? ಉಂಡಿಯೋ ಇಲ್ಲೋ, ಅದನ್ನ ಹೇಳು."

ಉಂಡೆ ಎಂದು ಹೇಳಿ ಫೋನು ಇಡುತ್ತಿದ್ದೆ.

ಅವ್ವ, ಅಪ್ಪ ಬೇಗ ಹೋದರು. ಆಗ ಅಕ್ಕ ಸಾಲೆ ಬಿಟ್ಟು ಮಗ್ಗಕ್ಕೆ ಕೂತಳು. ನನ್ನ ಓದು ಮುಗಿಯಲಿ ಎಂದು, ತನ್ನನ್ನು ನೋಡಲು ಬಂದ ಗಂಡುಗಳನ್ನೆಲ್ಲ ವಾಪಸು ಕಳಿಸಿದಳು. ಓಣಿಯ ಹುಡುಗರೆಲ್ಲ ಮನೆಯಲ್ಲಿ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುವಾಗ ನಾನು ನೂಲು ಮುಟ್ಟಿದರೂ ಅವಳು ರೇಗುತ್ತಿದ್ದಳು. ನನ್ನ ಕಾಲು ಆ ಕುಣಿಗೆ ಇಳಿಯಬಾರದು, ನಾನು ಎತ್ತರಕ್ಕೆ ಹೋಗಬೇಕು ಎಂಬ ಒಂದೇ ಹಟ.

ಆದರೆ ಎತ್ತರಕ್ಕೆ ಹೋಗುವುದು ಕಾಲೇಜಿನಿಂದ ಆಗುವ ಕೆಲಸವಾಗಿರಲಿಲ್ಲ. ನಾಲ್ಕು ವರ್ಷ ನಾವು ಯಂತ್ರಗಳ ಚಿತ್ರ ಬರೆದೆವು, ಯಂತ್ರ ಕಂಡದ್ದು ಕಡಿಮೆ. ಲ್ಯಾಬಿನಲ್ಲಿದ್ದ ಒಂದು ಮೋಟಾರಿನ ಸುತ್ತ ಇಡೀ ತರಗತಿ ಕಾಗೆಗಳಂತೆ ನೆರೆಯುತ್ತಿತ್ತು. ನಮಗೆ ಪಾಠ ಮಾಡುತ್ತಿದ್ದ ಸರ್ ಒಬ್ಬರು ಮುಚ್ಚುಮರೆಯಿಲ್ಲದೆ ಹೇಳಿದ್ದರು: "ಇಂಟರ್ನ್‌ಶಿಪ್ಪಿನ್ಯಾಗ ಕೈಗೆ ಎಣ್ಣಿ ಹಚ್ಚಿಕೊಂಡು ಬರ್ರಿ. ಬರೇ ಮಾರ್ಕ್ಸ್ ನೋಡಿ ಯಾರೂ ನೌಕರಿ ಕೊಡಂಗಿಲ್ಲ." ಫ್ಯಾನಿನ ಗೋಪುರ ಹತ್ತಿ ಕೆಲಸ ಮಾಡಿದವನಿಗೆ ಗಾಳಿ ಕಂಪನಿಗಳಲ್ಲಿ ಕರೆದು ಕೆಲಸ ಕೊಡುತ್ತಾರೆಂದು ಕೇಳಿದ್ದೆ. ನನಗೂ ಅದೊಂದೇ ಬೇಕಿತ್ತು, ಮೇಲೆ ಹತ್ತುವುದು.

ಮೊದಲ ದಿನವೇ ಗುಡ್ಡದ ಆಫೀಸಿನ ಸಾಹೇಬರು ನನ್ನ ಆಸೆಗೆ ತಣ್ಣೀರೆರಚಿದರು. ಕೆಟ್ಟ ಮನುಷ್ಯರಲ್ಲ, ಅಂಜುಬುರುಕರು. "ಮ್ಯಾಲ ಹತ್ತೂದು ಮಾತ್ರ ಬ್ಯಾಡ್ರಿ. ಏನರ ಹೆಚ್ಚು ಕಡಿಮಿ ಆದ್ರ ನನ್ನ ತಲಿಮ್ಯಾಲ ಬರ್ತೈತಿ," ಎಂದರು. ನನಗೊಂದು ಕುರ್ಚಿ, ಒಂದು ಕಂಪ್ಯೂಟರು. ಅದರ ಪರದೆಯ ಮೇಲಿನ ಅಂಕಿಗಳನ್ನು ಇನ್ನೊಂದು ಪರದೆಗೆ ದಾಟಿಸಬೇಕು. ಕೆಲಸಗಾರರು ಸೊಂಟಕ್ಕೆ ಪಟ್ಟಿ ಬಿಗಿದು ಗೋಪುರದೊಳಗೆ ಹೋಗುತ್ತಿದ್ದರು, ಮೈಯೆಲ್ಲ ಬೆವೆತು ಇಳಿದು ಬರುತ್ತಿದ್ದರು. ನಾನು ಅವರಿಗೆ ಚಹಾ ತರಿಸುತ್ತಿದ್ದೆ. ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಕಾಲೇಜಿನಿಂದ ನಮ್ಮ ಪ್ರಗತಿ ನೋಡಲು ಬಂದ ಪ್ರಾಧ್ಯಾಪಕರು ನನ್ನ ತಲೆಗೊಂದು ಹೆಲ್ಮೆಟ್ ಇಡಿಸಿ, ಗೋಪುರದ ಮುಂದೆ ಫೋಟೊ ಹೊಡೆಸಿಕೊಂಡು, ಊಟದ ಹೊತ್ತಿಗೆ ಮೊದಲೇ ಗುಡ್ಡ ಇಳಿದು ಹೋದರು.

ನನ್ನ ಸಂಕಟ ಕಂಡವನು ಒಬ್ಬನೇ. ಸೂಡಿ ಊರಿನ ಕಡೆಯ ಕೆಲಸಗಾರ, ವಯಸ್ಸಿನಲ್ಲಿ ಹಿರಿಯ, ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ. "ಸಾಹೇಬ್ರು ಹುಬ್ಬಳ್ಳಿಗೆ ಹೋದ ದಿನ ಕರಕೊಂಡು ಹೋಗ್ತೀನಿ. ನನ್ನ ಜೋಡಿ ಬೋಲ್ಟ್ ಬಿಗಿ ಮಾಡೀಯಂತ. ಬಾಯಿ ಬಿಡಬ್ಯಾಡ ಮತ್ತ," ಎಂದ. ನಾನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಅಕ್ಕನಿಗೂ ಹೇಳಲಿಲ್ಲ. ಹೇಳಿದರೆ ಅಂಜುತ್ತಾಳೆ ಎಂದು.

ಆ ದಿನ ಬಂತು. ಇಂಟರ್ನ್‌ಶಿಪ್ ಮುಗಿಯಲು ವಾರವೂ ಉಳಿದಿರಲಿಲ್ಲ. ಸಾಹೇಬರ ಜೀಪು ಗುಡ್ಡ ಇಳಿದ ಮೇಲೆ ಅಣ್ಣ ನನಗೆ ಪಟ್ಟಿ ಬಿಗಿದು, ಕೊಂಡಿ ಹಾಕುವುದು ತೆಗೆಯುವುದು ಹೇಗೆಂದು ತೋರಿಸಿದ. ಜನ ಮೇಲೆ ಹೋಗಬೇಕೆಂದರೆ ಮೊದಲು ಫ್ಯಾನು ನಿಲ್ಲಿಸಬೇಕು. ಆಫೀಸಿನ ಮಗ್ಗುಲ ತುದಿಯ ಫ್ಯಾನನ್ನೇ ನಿಲ್ಲಿಸಿದ. ಒಳಗಿನ ಏಣಿಯ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದೆ. ತುದಿಯೇ ಕಾಣಲಿಲ್ಲ. ಅಷ್ಟು ಖುಷಿಯಾದ ದಿನ ನನ್ನ ಬಾಳಿನಲ್ಲಿ ಬೇರೆ ಇಲ್ಲ. ಫೋನು ಆಫೀಸಿನ ಮೇಜಿನ ಮೇಲೆ ಇತ್ತು.

ಅತ್ತ ಅಕ್ಕ ಮಾಳಿಗೆಯ ಮೇಲೆ ನೂಲು ಒಣಹಾಕುತ್ತಿದ್ದಳಂತೆ. ಗಾಳಿ ನೂಲನ್ನು ಹಾರಿಸಿಕೊಂಡು ಹೋಗುವಷ್ಟು ಜೋರು. ಉಳಿದ ಫ್ಯಾನುಗಳೆಲ್ಲ ಗರಗರ ತಿರುಗುತ್ತಿವೆ, ತಮ್ಮನದು ಮಾತ್ರ ನಿಂತಿದೆ. ಗಾಳಿ ಬಿದ್ದಿದೆ ಎಂಬ ನನ್ನ ಹಳೆಯ ಸಮಜಾಯಿಷಿ ಅವತ್ತು ಕೆಲಸಕ್ಕೆ ಬರುವಂತಿರಲಿಲ್ಲ. ಫೋನು ಮಾಡಿದಳು, ಮತ್ತೆ ಮತ್ತೆ ಮಾಡಿದಳು, ಎತ್ತುವವರಿಲ್ಲ. ಉಟ್ಟ ಸೀರೆಯಲ್ಲೇ ಓಣಿಯ ಆಟೋ ಹಿಡಿದು ಗುಡ್ಡಕ್ಕೆ ಬಂದುಬಿಟ್ಟಳು.

ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಿದ್ದೆ. ಗೇಟಿನ ಕಡೆಯಿಂದ ಅವಳ ದನಿ ಕೇಳಿತು. "ನನ್ನ ತಮ್ಮಗ ಏನ ಮಾಡೀರಿ? ಅವ್ನ ಫ್ಯಾನ್ ಯಾಕ ನಿಂತೈತಿ?"

ಕಾವಲುಗಾರ ತಡೆಯುತ್ತಿದ್ದ. ಅವಳು ಅವನ ತೋಳು ಹಿಡಿದು ಅಳುತ್ತಿದ್ದಳು. ನಾನು ಪಟ್ಟಿ ಬಿಗಿದುಕೊಂಡೇ ಹೊರಗೆ ಓಡಿದೆ. ನನ್ನನ್ನು ಕಂಡವಳೇ ಮುಖ, ಕೈ, ಕಾಲು ಎಲ್ಲ ಮುಟ್ಟಿ ನೋಡಿ ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತಳು. "ಅದೀಯಲ್ಲ. ಸಾಕು," ಎಂದಳು. ಗಾಬರಿಯಾದ ಕಾವಲುಗಾರ ಅಷ್ಟರಲ್ಲಿ ಸಾಹೇಬರಿಗೆ ಫೋನು ಮಾಡಿಯಾಗಿತ್ತು. ಸಾಹೇಬರು ಅರ್ಧ ದಾರಿಯಿಂದ ತಿರುಗಿ ಬಂದರು. ಆಫೀಸಿನೊಳಗೆ ಅಣ್ಣನಿಗೆ ಎಲ್ಲರೆದುರು ಬೈಗುಳದ ಸುರಿಮಳೆ. ನನಗೆ, ಉಳಿದ ದಿನ ಮನೆಯಲ್ಲೇ ಇರು, ಸರ್ಟಿಫಿಕೇಟ್ ಕಳಿಸುತ್ತೇವೆ ಎಂಬ ಆಜ್ಞೆ. ಗೇಟಿನ ಬಳಿಯೇ ಇದ್ದ ಅಕ್ಕ ಇದ್ಯಾವುದನ್ನೂ ಅರಿಯದೆ, ತಣ್ಣಗೆ ನೀರು ಕುಡಿದು, ಆಟೋದಲ್ಲಿ ನನ್ನ ಕೈ ಹಿಡಿದು ಕೂತಿದ್ದಳು. ರಜೆ ಕೊಟ್ಟಿದ್ದಾರೆಂದು ಅವಳಿಗೆ ಹೇಳಿದೆ.

ಆಮೇಲಿನದು ಉದ್ದದ ಕಥೆಯಲ್ಲ. ಹುಬ್ಬಳ್ಳಿಯಲ್ಲಿ ಒಂದು ಗಾಳಿ ಕಂಪನಿಯ ಸಂದರ್ಶನ. ಸರ್ಟಿಫಿಕೇಟ್ ನೋಡಿದವರು ಒಂದೇ ಪ್ರಶ್ನೆ ಕೇಳಿದರು: "ಮೇಲೆ ಹತ್ತಿ ಏನು ಕೆಲಸ ಮಾಡಿದ್ದೀರಿ?" ನಾನು ಕಂಪ್ಯೂಟರಿನ ಬಗ್ಗೆ ಹೇಳತೊಡಗಿದೆ. ಅವರು ನಯವಾಗಿಯೇ ಫೈಲು ಮುಚ್ಚಿದರು. ಮುಂದಿನ ಕಡೆಯೂ ಅದೇ ಆಯಿತು, ಅದರ ಮುಂದಿನ ಕಡೆಯೂ. ಅನುಭವವಿಲ್ಲ ಎಂದು ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ.

ಈಗ ರೋಣದ ಕಡೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ನಾನು ಎಂದೂ ಹತ್ತದ ಗೋಪುರದ ಒಳಗೆ ಏನೇನಿರುತ್ತದೆಂದು ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುತ್ತೇನೆ. ಹುಡುಗ ಹುಡುಗಿಯರನ್ನು ಇಂಟರ್ನ್‌ಶಿಪ್‌ಗೆ ಕಳಿಸುವ ಕಾಲ ಬಂದರೆ ನನಗೆ ಹುಚ್ಚು ಹಿಡಿದಂತಾಗುತ್ತದೆ. ಕಂಪನಿಯವರಿಗೆ ಫೋನು ಮಾಡಿ ಜಗಳ ತೆಗೆಯುತ್ತೇನೆ. ಕುರ್ಚಿ ಕೊಡಬೇಡಿ, ಬೋಲ್ಟ್ ಬಿಗಿಯುವ ಪಾನಾ ಕೊಡಿ, ಜೊತೆಗೆ ನಿಂತು ಕಲಿಸಿ ಎನ್ನುತ್ತೇನೆ. ಜಗಳಗಂಟ ಎಂಬ ಹೆಸರು ಬಂದಿದೆ. ಬರಲಿ.

ಹೋದ ಬೇಸಿಗೆಯಲ್ಲಿ ಸೂಡಿಯ ಅಣ್ಣ ಮಗಳ ಮದುವೆಗೆ ಸೀರೆ ಒಯ್ಯಲು ನಮ್ಮ ಮನೆಗೆ ಬಂದ. ಅಕ್ಕ ಸೀರೆ ಹರವಿ ತೋರಿಸುತ್ತಿದ್ದಳು. ಹಳೆಯ ಮಾತು ಎತ್ತಿ ಅವನು ನಗುತ್ತಲೇ ಹೇಳಿದ: "ಯಕ್ಕಾರ, ಅವತ್ತು ನೀವೊಂದು ತಾಸು ತಡಾ ಮಾಡಿ ಬಂದಿದ್ರ ನಿಮ್ಮ ತಮ್ಮ ಮ್ಯಾಲ ಹತ್ತಿರ್ತಿದ್ದ ನೋಡ್ರಿ. ನೌಕರಿನೂ ಹತ್ತತಿತ್ತೇನೋ." ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಸೀರೆ ಕಟ್ಟಿಸಿಕೊಂಡು ಹೋದ.

ಅಕ್ಕ ಹರವಿದ ಸೀರೆಗಳನ್ನು ಮಡಚಲಿಲ್ಲ. ನನ್ನ ಕಡೆ ತಿರುಗಿ ಕೇಳಿದಳು.

"ಖರೇ ಏನೋ?"

"ಒಂದ ಸಲ ಹತ್ತಿದ್ರ ಯಾರು ನೌಕರಿ ಕೊಡತಿದ್ರು? ಬಿಡಕ್ಕಾ."

"ನಿನ್ನ ಮ್ಯಾಲ ಏರಸ್ಬೇಕಂತ ಇಷ್ಟು ವರ್ಷ ಕುಣ್ಯಾಗ ಕುಂತೆ. ಏರೂ ದಿನ ನಾನ ಬಂದು ಕಾಲು ಹಿಡದು ಜಗ್ಗಿದ್ನೇನೋ ತಮ್ಮಾ?"

ಇಲ್ಲ ಎನ್ನಬೇಕಿತ್ತು. ಎರಡು ಅಕ್ಷರದ ಮಾತು. ಆದರೆ ಪ್ರತಿ ಸಂದರ್ಶನದಿಂದ ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಗೆ ತಲೆ ಕೊಟ್ಟು ನಾನೂ ಇದೇ ಮಾತನ್ನು ಅಂದುಕೊಂಡಿದ್ದೆ, ಅವಳು ಬಳಸಿದ್ದಕ್ಕಿಂತ ಕಟುವಾದ ಶಬ್ದಗಳಲ್ಲಿ. ಹರವಿದ ಸೀರೆಯೊಂದನ್ನು ಎಳೆದುಕೊಂಡು ಮಡಚತೊಡಗಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಹುಟ್ಟಿದಾಗಿನಿಂದ ಈ ಮುಖವನ್ನು ನೋಡುತ್ತ ಬಂದವಳಿಗೆ ನಾನು ಬೇರೆ ಏನು ಹೇಳಬೇಕಿತ್ತು? ಅಕ್ಕ ತಿಳಿಯಿತೆಂಬಂತೆ ತಲೆಯಾಡಿಸಿ, ಗೋಡೆ ಹಿಡಿದು ಎದ್ದು, ಚಹಾಕ್ಕಿಡಲು ಒಳಗೆ ಹೋದಳು.