ಬುತ್ತಿಯ ಅರಿವೆಯಲ್ಲಿ ಕಟ್ಟಿದ ಕ್ಯಾಮೆರಾ

ಹದಿನೈದು ದಿನದ ಹಿಂದೆ ನನ್ನ ಕ್ಯಾಮೆರಾ ಬಾದಾಮಿಯ ಗುಡ್ಡ ಹತ್ತಿತು. ನಾನು ಕೆಳಗೇ ಇದ್ದೆ.

(ನನ್ನ ಕ್ಯಾಮೆರಾ ಅಂದೆನಲ್ಲ, ಅದು ಪೂರ್ತಿ ನಿಜವಲ್ಲ. ಬಾಗಲಕೋಟೆಯ ಭಾವನಿಂದ ನಾಲ್ಕು ದಿನದ ಮಟ್ಟಿಗೆ ತಂದ ಡಬ್ಬಿ ಕ್ಯಾಮೆರಾ. ಕೊಡುವಾಗ ಅವರು ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ ನಿಂತಿದ್ದರು.)

ತಂದದ್ದು ಯಾಕೆ? ಬಾದಾಮಿಯ ಮಂಗಗಳ ಫೋಟೋ ತೆಗೆಯಲಿಕ್ಕೆ ಅಂತ ಎಲ್ಲರಿಗೂ ಹೇಳಿದ್ದೆ. ಹುನಗುಂದದ ನಮ್ಮ ಶಾಲೆಯ ಹುಡುಗರಿಗೂ ಅದನ್ನೇ ಹೇಳಿದ್ದೆ. ಒಳಗಿನ ಮಾತು ಬೇರೆ. ನನಗೆ ಬೇಕಾಗಿದ್ದದ್ದು ನಮ್ಮ ಅಜ್ಜಿಯ ಮುಖ.

ಅಜ್ಜ ಹೋದಾಗ ನಾನು ಐದು ವರ್ಷದವ. ಅವನ ಕಂಬಳಿಯ ವಾಸನೆ ನೆನಪಿದೆ, ಮುಖ ನೆನಪಿಲ್ಲ. ನೋಡೋಣವೆಂದರೆ ಒಂದು ಫೋಟೋ ಇಲ್ಲ. ಅಜ್ಜಿಯದೂ ಹಾಗಾಗಬಾರದು ಅಂತ ಒಂದು ವರ್ಷದಿಂದ ಅವಳ ಬೆನ್ನು ಹತ್ತಿದ್ದೆ. ಅವಳು ರಾಮಥಾಳದಲ್ಲಿ ಕುರಿ ಕಾಯ್ದು ಮುದುಕಿಯಾದವಳು. ಬೀರಪ್ಪ ದೇವರ ಮೇಲೆ ಭಾರ ಹಾಕಿ ತೋಳಕ್ಕೂ ಅಂಜದೆ ಬದುಕಿದವಳು. ಅಂಜುತ್ತಿದ್ದದ್ದು ಕ್ಯಾಮೆರಾಕ್ಕೆ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದಂತೆ. ತಮಾಷೆ ನೋಡಿ, ತಾನು ಸತ್ತ ದಿನ ಉಡಿಸಲಿಕ್ಕೆ ಅಂತ ಹೊಸ ಇಳಕಲ್ ಸೀರೆಯೊಂದನ್ನು ಪೆಟ್ಟಿಗೆಯಲ್ಲಿ ಮಡಿಚಿಟ್ಟಿದ್ದಾಳೆ. ಸಾವಿಗೆ ರೆಡಿ, ಫೋಟೋಕ್ಕೆ ಇಲ್ಲ!

ಬನಶಂಕರಿಗೆ ಹೋಗಿ ಕಾಯಿ ಒಡೆಸೋಣ ಅಂದೆ, ಬಂದಳು. ಅಲ್ಲಿಂದ ಬಾದಾಮಿಯ ಗುಹೆಗಳಿಗೆ ಕರೆದುಕೊಂಡು ಬಂದರೆ ಜನವೋ ಜನ. ರೋಲಿನಲ್ಲಿ ಇದ್ದದ್ದು ಎಂಟೇ ಫೋಟೋ. ಮಂಗಗಳ ಹಿಂದೆ ಓಡಿ ಓಡಿ ಏಳನ್ನು ಮುಗಿಸಿದೆ. ನಾನು ಗುರಿ ಹಿಡಿಯುವಷ್ಟರಲ್ಲಿ ಯಾರದೋ ರುಮಾಲು ಅಡ್ಡ ಬರುತ್ತಿತ್ತು. ರುಮಾಲು ಸರಿಯುವಷ್ಟರಲ್ಲಿ ಮಂಗ ಇರುತ್ತಿರಲಿಲ್ಲ. ಕ್ಯಾಮೆರಾ ಕಂಡದ್ದೇ ತಡ, ಗುರುತು ಪರಿಚಯ ಇಲ್ಲದವರೂ ಮೀಸೆ ತೀಡಿಕೊಂಡು ಮುಂದೆ ಬಂದು ನಿಲ್ಲುತ್ತಿದ್ದರು. ಎಂಟನೆಯದನ್ನು ಅಜ್ಜಿಗೆಂದು ಹೇಗೋ ಉಳಿಸಿಕೊಂಡೆ.

ಕ್ಯಾಮೆರಾ ಅವಳ ಕೈಗೆ ಕೊಟ್ಟು ನೀರು ಕುಡಿಯಲು ಹೋದೆ. ಅದರ ಗಾಜಿನ ಕಣ್ಣು ತನ್ನನ್ನೇ ನೋಡುತ್ತಿದೆ ಅಂತ ಅವಳಿಗೆ ಅನ್ನಿಸಿತಂತೆ. ರೊಟ್ಟಿ ಸುತ್ತಿದ್ದ ಎರಡು ಅರಿವೆಗಳಲ್ಲಿ ಒಂದನ್ನು ಬಿಚ್ಚಿ, ಕ್ಯಾಮೆರಾ ಅದರಲ್ಲಿಟ್ಟು, ಭದ್ರವಾಗಿ ಗಂಟು ಹಾಕಿಬಿಟ್ಟಿದ್ದಾಳೆ. ಬಾದಾಮಿಯ ಮಂಗಗಳಿಗೆ ಬೇರೇನೂ ತಿಳಿಯದಿದ್ದರೂ ಬುತ್ತಿಯ ಗಂಟು ತಿಳಿಯುತ್ತದೆ.

ನಾನು ತಿರುಗಿ ಬಂದಾಗ ಒಂದು ಹೆಣ್ಣು ಮಂಗ ಆ ಗಂಟು ಹಿಡಿದು ಬಂಡೆಯ ಮೇಲೆ ಕೂತಿತ್ತು. ಕೆಳಗೆ ಜನ ಕೂಗುತ್ತಿದ್ದರು. ಒಬ್ಬ ಕಲ್ಲು ಎತ್ತಿದ, ಇನ್ನೊಬ್ಬ ಕೋಲು. ನಾನು? ಮಾಸ್ತರ ಅನ್ನುವುದನ್ನೂ ಮರೆತು ಚಪ್ಪಲಿ ಕೈಗೆ ತೆಗೆದುಕೊಂಡಿದ್ದೆ. ಕೂಗು ಏರಿದಂತೆ ಮಂಗವೂ ಒಂದೊಂದೇ ಬಂಡೆ ಮೇಲಕ್ಕೆ ಏರಿತು. ಭಾವನಿಗೆ ಏನು ಹೇಳಲಿ ಅನ್ನುವ ಹೆದರಿಕೆ ಒಂದು ಕಡೆ. ಇದು ಒಡೆದರೆ ಅಜ್ಜಿಯ ಮುಖವೂ ಅಜ್ಜನ ಮುಖದ ಹಾಗೇ ಹೋಯಿತು ಅನ್ನಿಸಿ ನನಗೆ ಅಳುವೇ ಬಂತು.

ಆಗ ಅಜ್ಜಿ ಎದ್ದಳು. ಕುರಿ ಹಿಂಡು ತಿರುಗಿಸುವ ದನಿಯಲ್ಲಿ ಅಷ್ಟೂ ಜನಕ್ಕೆ ಹೇಳಿದಳು:

"ಎಲ್ಲಾರೂ ಕುಂದರ್ರಿ. ಬೆನ್ನ ಹತ್ತಿದ್ರ ಯಾವ ಜೀವಾನೂ ನಿಲ್ಲೂದಿಲ್ಲ. ಕುಂತು ನಿಮ್ಮ ನಿಮ್ಮ ಬುತ್ತಿ ಬಿಚ್ಚರಿ."

ಕೂತರು! ಪ್ಯಾಂಟು ಹಾಕಿದ ಸಾಹೇಬರೊಬ್ಬರು ಮೊದಲು ಕರವಸ್ತ್ರ ಹಾಸಿ ಕೂತರು, ಅವರ ಹಿಂದೆ ಎಲ್ಲರೂ. ಯಾರದೋ ಶೇಂಗಾ ಚಟ್ನಿ ಯಾರದೋ ರೊಟ್ಟಿಗೆ ಹೋಯಿತು. ಹತ್ತು ನಿಮಿಷದ ಹಿಂದೆ ಫೋಟೋದಲ್ಲಿ ಬೀಳಲು ನೂಕಾಡಿದವರು ಈಗ ಉಳ್ಳಾಗಡ್ಡಿ ಒಡೆದು ಹಂಚಿಕೊಳ್ಳುತ್ತಿದ್ದರು. ಮಂಗ ಮೇಲಿನಿಂದ ನೋಡಿತು. ಕೆಳಗೆ ಸಜ್ಜಿ ರೊಟ್ಟಿ, ತನ್ನ ಕೈಯಲ್ಲಿ ಹಲ್ಲಿಗೆ ಬಗ್ಗದ ಡಬ್ಬಿ. ಗಂಟನ್ನು ಬಂಡೆಯ ಮೇಲೇ ಬಿಟ್ಟು ಇಳಿದುಬಂತು.

ನಾನು ಹತ್ತಿ ಹೋಗಿ ಗಂಟು ತಂದೆ. ಬಿಚ್ಚಿದರೆ ಗಾಜು ಒಡೆದಿರಲಿಲ್ಲ. ಅಷ್ಟರಲ್ಲಿ ಮಂಗ ಅಜ್ಜಿಯ ಪಕ್ಕದಲ್ಲೇ ಕೂತು ಅವಳ ಕೈಯಿಂದ ರೊಟ್ಟಿ ತಿನ್ನುತ್ತಿತ್ತು. ಎಂಥ ಫೋಟೋ! ಆದರೆ ನಾನು ಕ್ಯಾಮೆರಾ ಎತ್ತಲಿಲ್ಲ. ವರ್ಷವಿಡೀ ಬೆನ್ನು ಹತ್ತಿದ್ದು ಸಾಕೆನ್ನಿಸಿತು. ಅವಳ ಎದುರಿಗೆ ನಾನೂ ಸುಮ್ಮನೆ ಕೂತೆ.

ಅಜ್ಜಿ ನನ್ನನ್ನೊಮ್ಮೆ, ಮಂಗನನ್ನೊಮ್ಮೆ ನೋಡಿದಳು.

"ತಗಿ ತಮ್ಮಾ. ಇದಕ ಅಂಜಿಕಿ ಇಲ್ಲ, ನಾ ಯಾಕ ಅಂಜಲಿ?"

ಕೂತಲ್ಲಿಂದಲೇ ಗುರಿ ಹಿಡಿದೆ. ತೆಗೆದೆ.

ಕ್ಯಾಮೆರಾ ಭಾವನ ಮನೆ ಮುಟ್ಟಿತು. (ಗುಡ್ಡ ಹತ್ತಿದ ಸುದ್ದಿ ಇನ್ನೂ ಮುಟ್ಟಿಲ್ಲ. ಈ ಅಂಕಣ ಅವರು ಓದದಿದ್ದರೆ ಒಳ್ಳೆಯದು.) ಮೊನ್ನೆ ಬಾಗಲಕೋಟೆಯ ಸ್ಟುಡಿಯೋದಿಂದ ಫೋಟೋಗಳು ಬಂದವು. ಏಳರಲ್ಲಿ ಬಾಲ, ರುಮಾಲು, ಯಾರದೋ ಮೊಣಕೈ. ಎಂಟನೆಯದರಲ್ಲಿ ಅಜ್ಜಿ, ಒಂದೊಂದು ಸುಕ್ಕೂ ಎಣಿಸುವಷ್ಟು ಸ್ಪಷ್ಟವಾಗಿ, ಮಂಗನ ಜೊತೆ. ಇವತ್ತು ಊರಿಗೊಂದಿರುವ ಕ್ಯಾಮೆರಾ ನಾಳೆ ಮನೆಗೊಂದು ಬಂದೀತು. ಬರಲಿ. ಅಷ್ಟರಲ್ಲಿ ನಾವೂ ಸ್ವಲ್ಪ ಕೂರುವುದನ್ನು ಕಲಿತೇವು ಅಂತ ನನಗೆ ಧೈರ್ಯವಿದೆ. ಅಷ್ಟು ಜನ ಒಂದೇ ಮಾತಿಗೆ ಕೂತದ್ದನ್ನು ಕಣ್ಣಾರೆ ಕಂಡಿದ್ದೇನೆ.

ಫೋಟೋವನ್ನು ಅಜ್ಜಿ ಬಹಳ ಹೊತ್ತು ನೋಡಿದಳು. ಆಯುಷ್ಯದ ಮಾತೇ ಎತ್ತಲಿಲ್ಲ. ತೇಪೆ ಹಾಕಿದ ಸೆರಗಿನ ಮೇಲೆ ಬೆರಳಿಟ್ಟು ಮುಖ ಸಿಂಡರಿಸಿದಳು.

"ಇನ್ನೊಂದು ತಗಿ. ಪೆಟ್ಟಿಗ್ಯಾಗಿನ ಹೊಸಾ ಸೀರಿ ಉಟ್ಕೋತೇನಿ. ಸಾಯಾಕ ಬ್ಯಾರೇದು ತಂದ್ರಾತು."