ಎಳೆದಿದ್ದ ಹ್ಯಾಂಡ್‌ಬ್ರೇಕು

ರಾಯರೇ, ಆ ದಿನ ಹ್ಯಾಂಡ್‌ಬ್ರೇಕ್ ಎಳೆದಿತ್ತು. ನೀವೇ ಎಳೆದಿದ್ದಿರಿ — ಸರಿಯಾಗಿ, ಕೊನೆಯ ಹಲ್ಲಿನವರೆಗೆ. ಅದನ್ನು ಕೆಳಗಿಳಿಸಿದವನು ನಾನು. ಇಳಿಸಿ, ಆಮೇಲೆ ನಿಮ್ಮ ಮುಖ ನೋಡಿ ಸುಳ್ಳು ಹೇಳಿದವನೂ ನಾನೇ.

ಇಷ್ಟು ಬರೆಯಲು ಮೂವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಗದಗಿನ ಮಾಸ್ತರರ ಮಗ, ಹಡಗಿನ ಎಂಜಿನ್ ರೂಮಿನಲ್ಲಿ ಒಂದು ನಟ್ಟು ಸಡಿಲಿದ್ದರೂ ಊಟ ಬಿಟ್ಟು ಹುಡುಕುತ್ತಿದ್ದವನು — ಅವನೇ ಏನು ಇದನ್ನು ಮಾಡಿದ್ದು? ಹೌದು, ಅವನೇ.

ಅರ್ಧ ಕಥೆ ನಿಮಗೆ ಗೊತ್ತು. ಎಂಬತ್ತರ ದಶಕದ ಕೊನೆ. ನೀವು ಧಾರವಾಡದಿಂದ ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದ ಬ್ಯಾಂಕ್ ಮ್ಯಾನೇಜರು, ನಾನು ನೌಕಾಪಡೆಯ ಮೆಕ್ಯಾನಿಕ್ಕು. ಊರ ಕಡೆಯ ಮಾತು ಕಿವಿಗೆ ಬಿದ್ದರೆ ಸಾಕು, ಗುರುತಿಲ್ಲದವರನ್ನೂ ಊಟಕ್ಕೆ ಕರೆಯುತ್ತಿದ್ದ ಕಾಲ ಅದು. ನನಗೆ ಅತ್ತಿಗೆಯೇ ಆದ ಸುಮಿತ್ರಾ ವೈನಿಯ ಕೈಯ ಜೋಳದ ರೊಟ್ಟಿ ತಿಂದು ತಿಂದೇ ನಾನು ನಿಮ್ಮ ಮನೆಯವನಾದೆ. ಬಂದರಿನ ಹಿಂದಿನ ಗುಜರಿ ಅಂಗಳದಲ್ಲಿ ನೀವು ಆ ಹಳೆಯ ಅಮೆರಿಕನ್ ಪಿಕಪ್ಪನ್ನು ಕಂಡಿರಿ. ದುಂಡು ಮೂತಿ, ಬಾನೆಟ್ಟಿನೊಳಗೆ ಮೊಣಕಾಲೆತ್ತರದ ಹುಲ್ಲು. "ಇದನ್ನ ಎಬ್ಬಸೋಣೇನಪಾ ತಮ್ಮಾ?" ಎಂದು ಕೇಳಿದಿರಿ. ವೈನಿ ಹಣೆ ಚಚ್ಚಿಕೊಂಡರು: "ಗುಜರಿಗೆ ಹೋಗೋದನ್ನ ಮನೀಗೆ ತಂದ್ರಲ್ಲಾ! ನಿಮಗಿಬ್ರಿಗೂ ಬ್ಯಾರೆ ಉದ್ಯೋಗ ಇಲ್ಲೇನು?"

ಅದರ ಎಂಜಿನ್ನು ತುಕ್ಕು ಹಿಡಿದು ಕಚ್ಚಿಕೊಂಡುಬಿಟ್ಟಿತ್ತು. ಬೇರೆಯದನ್ನೇ ಕೂಡಿಸೋಣ ಎಂದು ಇಬ್ಬರೂ ರೈಲು ಹತ್ತಿ ಹಳೆ ಗಾಡಿಗಳ ಬಿಡಿಭಾಗ ಮಾರುವ ವಿಜಯವಾಡದ ಆಟೋನಗರಕ್ಕೆ ಹೋದೆವು. ಅಪಘಾತದಲ್ಲಿ ನಜ್ಜುಗುಜ್ಜಾದ ಒಂದು ಜಪಾನಿ ವ್ಯಾನು. ಅದರ ಡೀಸೆಲ್ ಎಂಜಿನ್ನು ಮಾತ್ರ ಹೊಸದರಂತಿತ್ತು, ಜೊತೆಗೇ ಐದು ಗೇರಿನ ಗೇರ್‌ಬಾಕ್ಸು. ವೈನಿ ಹೇಳಿಕಳಿಸಿದ್ದ ಹಿತ್ತಾಳೆ ಪಾತ್ರೆ ತರಲು ನೀವು ಒನ್ ಟೌನ್ ಪೇಟೆಗೆ ಹೋಗಿದ್ದಿರಿ. ಆಗ ಅಂಗಡಿಯ ಮುದುಕ ಮೇಸ್ತ್ರಿ ಗೇರ್‌ಬಾಕ್ಸಿನ ಹಿಂಬದಿ ತಟ್ಟಿ ನನಗೆ ಹೇಳಿದ: "ಪಾತ ಬಂಡಿಕಿ ಹ್ಯಾಂಡ್‌ಬ್ರೇಕ್ ಇಕ್ಕಡೇ ಉಂಟುಂದಿ ಬಾಬೂ. ದೀನಿಕಿ ಲೇದು. ಮರ್ಚಿಪೋವದ್ದು."

ಮರೆಯಬೇಡ ಅಂದ. ನಿಮ್ಮ ಗಾಡಿಯಂಥ ಹಳೆಯವುಗಳಲ್ಲಿ ಹ್ಯಾಂಡ್‌ಬ್ರೇಕಿನ ಡ್ರಮ್ಮು ಗೇರ್‌ಬಾಕ್ಸಿನ ಬಾಲಕ್ಕೇ ಅಂಟಿಕೊಂಡಿರುತ್ತದೆ. ಗೇರ್‌ಬಾಕ್ಸ್ ತೆಗೆದರೆ ಬ್ರೇಕೂ ಅದರ ಜೊತೆ ಹೋಯಿತು. ಹೊಸದಕ್ಕೆ ಅದಿಲ್ಲ; ಹಿಂದಿನ ಚಕ್ರಗಳಿಗೆ ಬೇರೆ ಏರ್ಪಾಡು ಮಾಡಬೇಕು. "ನಾಕು ತೆಲುಸಂಡಿ," ಅಂದೆ, ಸ್ವಲ್ಪ ಬೀಗಿಕೊಂಡೇ. ನಿಜವಾಗಿಯೂ ಗೊತ್ತಿತ್ತು. ನಾನು ಮರೆಯಲಿಲ್ಲ ರಾಯರೇ — ಮರೆತಿದ್ದರೆ ಈ ಕಾಗದವೇ ಬೇಕಿರಲಿಲ್ಲ.

ಸಿಕ್ಕ ರಜೆಯನ್ನೆಲ್ಲ ಆ ಗಾಡಿಯ ಕೆಳಗೆ ಮಲಗಿ ಕಳೆದೆ. ಎಂಜಿನ್ ಕೂರಿಸಲು ಹೊಸ ಕಬ್ಬಿಣದ ಆಸರೆಗಳನ್ನು ಬೆಸೆದೆ, ಚಕ್ರಗಳಿಗೆ ಹೋಗುವ ಶಾಫ್ಟನ್ನು ಕತ್ತರಿಸಿ ಅಳತೆಗೆ ತಂದೆ. ಕೊನೆಗೆ ಹ್ಯಾಂಡ್‌ಬ್ರೇಕ್ ಒಂದು ಉಳಿಯಿತು. ಸೋಮವಾರ ನನ್ನ ಹಡಗು ಹೊರಡುವುದಿತ್ತು. ಅಷ್ಟರೊಳಗೆ ಗಾಡಿ ಓಡಿಸಿ ತೋರಿಸಿ ಶಭಾಷ್ ಅನ್ನಿಸಿಕೊಳ್ಳಬೇಕೆಂಬ ಹುಕಿ ನನಗೆ. ಹಳೆಯ ಹಿಡಿ ಲೊಡಲೊಡ ಅಲ್ಲಾಡುತ್ತಿತ್ತು. ಅದರ ಬುಡಕ್ಕೆ ಒಂದು ಗಟ್ಟಿ ಸ್ಪ್ರಿಂಗ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಗಾಡಿಯ ಚೌಕಟ್ಟಿಗೆ ಬಿಗಿದೆ. ಎಳೆದರೆ ಈಗ ಕಟಕಟ ಅನ್ನುತ್ತ ಬಿಗಿಯಾಗಿ ಬರುತ್ತಿತ್ತು. ಚಕ್ರಕ್ಕೂ ಅದಕ್ಕೂ ಏನೇನೂ ಸಂಬಂಧವಿರಲಿಲ್ಲ. ಭಾನುವಾರ ನೀವು ಎಳೆದು ನೋಡಿ, "ಭಾಳ ಚಲೋ ಬಿಗಿ ಅದ ತಮ್ಮಾ," ಅಂದಿರಿ. ನಾನು ನಕ್ಕೆ!

ಬಂದ ಮೇಲೆ ಸರಿಮಾಡಿದರಾಯಿತು ಎಂದುಕೊಂಡಿದ್ದೆ. ಐದು ವಾರದ ನಂತರ ಬಂದಾಗ ಗಾಡಿ ಹೆಸರು ಮಾಡಿಬಿಟ್ಟಿತ್ತು. ಬೀಚ್ ರಸ್ತೆಯಲ್ಲಿ ಜನ ನಿಂತು ನೋಡುತ್ತಿದ್ದರು, ನೀವು ಕೇಳಿದವರಿಗೂ ಕೇಳದವರಿಗೂ ನನ್ನ ಹೆಸರು ಹೇಳುತ್ತಿದ್ದಿರಿ. ನಿಲ್ಲಿಸುವಾಗ ಎಂಜಿನ್ ಆರಿಸಿ ಗೇರಿನಲ್ಲಿ ಬಿಡುವುದು ನಿಮ್ಮ ರೂಢಿ; ಗೇರೇ ಗಾಡಿಯನ್ನು ಹಿಡಿದಿಡುತ್ತಿತ್ತು, ಹಾಗಾಗಿ ಏನೂ ಆಗಿರಲಿಲ್ಲ. ಆ ಹಿಡಿ ಬರೀ ತೋರಿಕೆಗೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಮುಂದಿನ ವಾರ ನೋಡೋಣ, ಅದರ ಮುಂದಿನ ವಾರ —

ನಾನು ಕ್ವಾರ್ಟರ್ಸ್ ಬದಲಾಯಿಸುವ ದಿನ, ಸಾಮಾನು ಸಾಗಿಸಲು ನೀವೇ ಗಾಡಿ ತಂದಿರಿ. ಮನೆಯ ಮುಂದಿನ ಓಣಿ ಇಳಿಜಾರು. ತಗ್ಗಿನ ಕಡೆ ಮೂತಿ ಮಾಡಿ ನಿಲ್ಲಿಸಿದಿರಿ. ಬ್ಯಾಟರಿ ಸೋತಿತ್ತು, ಆರಿಸಿದರೆ ಮತ್ತೆ ಚಾಲೂ ಆಗುವ ಭರವಸೆ ಇರಲಿಲ್ಲ. ಅದಕ್ಕೇ ಎಂಜಿನ್ ಓಡುತ್ತಿರಲಿ ಎಂದು ಗೇರ್ ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು ಇಳಿದಿರಿ. ಚಕ್ರ ಯಾವುದೋ ಸಣ್ಣ ಗುಂಡಿಯಲ್ಲಿ ಕೂತಿದ್ದಿರಬೇಕು, ಗಾಡಿ ನಿಂತುಕೊಂಡಿತು. ವೈನಿ ಅದರ ಮುಂದೆ, ಕಾಂಪೌಂಡ್ ಗೋಡೆಯ ಬಳಿ ನಿಂತು ನನ್ನ ಕನ್ನಡಿಗೆ ಹಳೆಯ ಸೀರೆ ಸುತ್ತುತ್ತಿದ್ದರು. ನಾವಿಬ್ಬರೂ ಹಿಂದಿನಿಂದ ನನ್ನ ಕಬ್ಬಿಣದ ಬೀರುವನ್ನು ಏರಿಸಿದೆವು. ಇಳಿಜಾರು ನನಗೆ ಕಾಣುತ್ತಿತ್ತು. ಎಂಜಿನ್ನಿನ ಸದ್ದು ಕೇಳುತ್ತಿತ್ತು. ಆದರೂ ಬೀರುವನ್ನು ಒಳಕ್ಕೆ ಜೋರಾಗಿ ನೂಕಿದೆ.

ಗಾಡಿ ನಮ್ಮ ಕೈಯಿಂದ ಮೆಲ್ಲಗೆ ದೂರ ಸರಿಯಿತು. ಅಷ್ಟೇ — ಆ ಗೋಡೆಯವರೆಗೆ ನಾಲ್ಕು ಹೆಜ್ಜೆ ಇದ್ದೀತು. ಆಮೇಲೆ ವೈನಿಯ ಕೂಗು. ಆ ಕೂಗನ್ನು ನಾನು ಬರೆಯಲಾರೆ.

ನೀವು ಅವರ ಕಡೆ ಓಡಿದಿರಿ, ನಾನು ಕ್ಯಾಬಿನ್ನಿಗೆ ಹಾರಿ ಗಾಡಿಯನ್ನು ಹಿಂದಕ್ಕೆ ತೆಗೆದು ಕಾಲುಬ್ರೇಕು ಒತ್ತಿ ಹಿಡಿದೆ. ಎಲ್ಲರೂ ನೋಡಿದ್ದು ಅಷ್ಟು. ಹಾಗೆ ಕೂತಿದ್ದಾಗ ಪಕ್ಕಕ್ಕೆ ನೋಡಿದೆ. ಹಿಡಿ ಮೇಲೆ ಎದ್ದು ನಿಂತಿತ್ತು. ಯೋಚಿಸಿದೆನೇ? ಯೋಚಿಸಿದ ನೆನಪೇ ಇಲ್ಲ — ಅದೇ ನನ್ನನ್ನು ಇವತ್ತಿಗೂ ಬೆಚ್ಚಿಬೀಳಿಸುವುದು. ಅಲ್ಲಿ ವೈನಿ ನೆಲದ ಮೇಲೆ ಬಿದ್ದಿದ್ದಾರೆ, ಇಲ್ಲಿ ನನ್ನ ಹೆಬ್ಬೆರಳು ಹಿಡಿಯ ಗುಂಡಿಯನ್ನು ಒತ್ತಿ ಅದನ್ನು ಕೆಳಗಿಳಿಸುತ್ತಿದೆ. ಆಮೇಲೆ ಗೇರಿಗೆ ಹಾಕಿ ಎಂಜಿನ್ ಆರಿಸಿ ಇಳಿದೆ. ನನ್ನೊಳಗೆ ಅಂಥದ್ದೊಂದು ಕೈ ಇದೆ ಎಂದು ಆ ಗಳಿಗೆಯವರೆಗೆ ನನಗೂ ಗೊತ್ತಿರಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ನೀವು ನನ್ನ ತೋಳು ಹಿಡಿದು ಕೇಳಿದಿರಿ: "ನಾ ಹ್ಯಾಂಡ್‌ಬ್ರೇಕ್ ಹಾಕಿದ್ದೆನಲ್ಲೋ ತಮ್ಮಾ? ಹಾಕಿದ್ದೆ ಅನಸ್ತದ."

"ಇಲ್ರೀ ರಾಯರ. ಕೆಳಗ ಇತ್ತು."

ನಿಮ್ಮ ಕೈ ಸಡಿಲಾಯಿತು. ಒಂದು ಸಲವೂ ವಾದಿಸಲಿಲ್ಲ ನೀವು. ನಿಮ್ಮ ಕಣ್ಣಿಗಿಂತ, ನಿಮ್ಮ ಕೈಗಿಂತ ನನ್ನ ಮಾತನ್ನು ನಂಬಿದಿರಿ.

ವೈನಿಯ ಎಡಗಾಲನ್ನು ಮೊಣಕಾಲ ಕೆಳಗೆ ತೆಗೆದರು. ಗಾಡಿಯನ್ನು ನೀವು ಮತ್ತೆ ಮುಟ್ಟಲಿಲ್ಲ, ಗುಜರಿಗೆ ಹಾಕಿಬಿಡು ಅಂದಿರಿ. ಸ್ಪ್ರಿಂಗನ್ನು ಬಿಚ್ಚಿ ಸಮುದ್ರಕ್ಕೆ ಎಸೆದ ಮೇಲೆ ಹಾಕಿದೆ. ಖಾತೆದಾರರ ಮಕ್ಕಳ ಹೆಸರನ್ನೂ ಮರೆಯದಿದ್ದ ನೀವು, "ಬ್ಯಾಂಕಿನ ತಿಜೋರಿಯ ಬೀಗದಕೈ ನನ್ನ ಹತ್ತಿರ ಬೇಡ, ನನಗೆ ಮರೆವು" ಎಂದು ಮೇಲಿನವರಿಗೆ ಬರೆದುಕೊಟ್ಟಿರಿ. ಬಂದ ಬಡ್ತಿಯನ್ನೂ ಅದೇ ಕಾರಣಕ್ಕೆ ಬಿಟ್ಟಿರಿ. ಅದನ್ನೆಲ್ಲ ನಾನು ಹತ್ತಿರದಿಂದ ನೋಡಿದೆ, ನಿಮ್ಮ ಮನೆಯಲ್ಲೇ ಉಂಡೆ. ನೀವು ಧಾರವಾಡಕ್ಕೆ ಮರಳಿದ ಮೇಲೂ ಪ್ರತಿ ಯುಗಾದಿಗೆ ಕಾಗದ ಬರೆದಿರಿ. ಅವತ್ತು ನೀನಿದ್ದುದಕ್ಕೆ ಸುಮಿತ್ರಾ ಬದುಕಿದಳು ಎಂದು ಪ್ರತಿ ಸಲವೂ ಬರೆದಿರಿ. ಅವನ್ನೆಲ್ಲ ಓದಿ ಉತ್ತರವನ್ನೂ ಬರೆದವನು ನಾನು, ನಾಚಿಕೆಗೆಟ್ಟವನು.

ಹೋದ ವಾರ ಧೈರ್ಯ ಮಾಡಿ ಫೋನ್ ಮಾಡಿದೆ, ಹೇಳಿಯೇಬಿಡಬೇಕೆಂದು. ವೈನಿ ಎತ್ತಿಕೊಂಡರು. "ಇವ್ರು ಹಿತ್ತಲ ಬಾಗಲಾ ಹಾಕೇದೋ ಇಲ್ಲೋ ನೋಡ್ಲಿಕ್ಕೆ ಹೋಗ್ಯಾರ. ಇದು ಮೂರನೇ ಸಲಾ," ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ, "ಆ ಕಾಲಿಂದು ನಾ ಅವ್ರಿಗೆ ಒಮ್ಮಿನೂ ಅಂದಿಲ್ಲ. ಮರಿವು ಯಾರಿಗಿಲ್ಲ, ನೀನೇ ಹೇಳು?" ಅಂದರು.

ಈ ಮಾತು ನನಗೆ ಯಾಕೆ ಇಷ್ಟು ವರ್ಷ ಹೊಳೆದಿರಲಿಲ್ಲ? ವೈನಿ ನಿಮ್ಮನ್ನು ಕ್ಷಮಿಸಿದ್ದಾರೆ, ರಾಯರೇ — ನೀವು ಮಾಡದ ತಪ್ಪಿಗೆ. ದಿನವೂ ಆ ಕ್ಷಮೆಯನ್ನು ಉಂಡು, ಹೊದ್ದು, ತಲೆ ತಗ್ಗಿಸಿ ಬದುಕಿದ್ದೀರಿ ನೀವು. ಏನೋ ನೆವ ಹೇಳಿ ಫೋನ್ ಇಟ್ಟೆ.

ನಿಮ್ಮಿಂದ ಕ್ಷಮೆ ಕೇಳುತ್ತಿಲ್ಲ. ಕೇಳುವ ಮುಖ ನನಗಿಲ್ಲ. ನಿಮ್ಮ ನೆನಪು ಸರಿಯಾಗಿತ್ತು, ಅದನ್ನು ನಿಮಗೆ ಹಿಂದಿರುಗಿಸುತ್ತಿದ್ದೇನೆ, ಅಷ್ಟೇ. ಆದರೆ ನಿಮ್ಮ ಸ್ವಭಾವ ನನಗೆ ಗೊತ್ತು. ನನ್ನ ಮಾನ ಉಳಿಸಲು ನೀವು ಇದನ್ನು ಓದಿ, ಹರಿದು, ವೈನಿಗೆ ಒಂದಕ್ಷರವೂ ಹೇಳದೆ ಇದ್ದುಬಿಡುತ್ತೀರಿ. ಅದಕ್ಕೇ ಇದನ್ನು ಎರಡು ಸಲ ಬರೆದಿದ್ದೇನೆ. ಇನ್ನೊಂದು ಲಕೋಟೆಯ ಮೇಲೆ ವೈನಿಯ ಹೆಸರಿದೆ. ಎರಡನ್ನೂ ಈಗಲೇ ಹೋಗಿ ಒಂದೇ ಅಂಚೆ ಡಬ್ಬಿಗೆ ಹಾಕುತ್ತೇನೆ.